ಡಾಲರ್ ಎಲ್ಲಿ, ಚುಕ್ಕೆ ಎಲ್ಲಿ, ಪೈಪ್ ಎಲ್ಲಿ?

ಪ್ರಶ್ನೆ: ನಾನು ಶಿರಸಿ ಕಡೆಯವನು, ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜಿನಲ್ಲಿ ಕಲಿತದ್ದು ಜಾವಾ. ರಜೆಯಲ್ಲಿ ಹ್ಯಾಸ್ಕೆಲ್ ಕಲಿಯೋಣ ಅಂತ ಮನೆಯ ಅಡಿಕೆ ಮಾರಾಟದ ಲೆಕ್ಕಕ್ಕೆ ಸಣ್ಣದೊಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ಬೇರೆಯವರ ಕೋಡು ನೋಡಿದರೆ ಎಲ್ಲ ಕಡೆ ಡಾಲರ್ ಮತ್ತು ಚುಕ್ಕೆ. ಒಂದರ ಬದಲು ಇನ್ನೊಂದು ಹಾಕಿದರೆ ಕೆಲವು ಸಲ ನಡೆಯುತ್ತದೆ, ಕೆಲವು ಸಲ ಅರ್ಧ ಪುಟ ಎರರ್ ಬರುತ್ತದೆ. ಈ ಸಾಲು ಯಾಕೆ ತಪ್ಪು?

    ಒಟ್ಟು = ಸಮ್ . ಮ್ಯಾಪ್ ಹಣ . ಫಿಲ್ಟರ್ ಚಾಲಿಯೇ ಲಾಟುಗಳು

ಹೊನ್ನಾವರದ ಗೆಳತಿಯೊಬ್ಬಳು ಎಲಿಕ್ಸಿರ್ ಭಾಷೆಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಒಂದು ಪೈಪ್ ಸಾಕಂತೆ. ನಮಗ್ಯಾಕೆ ಇಷ್ಟೊಂದು ಚಿಹ್ನೆ?

ಉತ್ತರ: ಮೊದಲು ನಿಮ್ಮ ಸಾಲು ಸರಿ ಮಾಡಿಬಿಡೋಣ. ಕೊನೆಯಲ್ಲಿರುವ ‘ಲಾಟುಗಳು’ ಇದೆಯಲ್ಲ, ಅದರ ಎಡಕ್ಕೆ ಒಂದು ಡಾಲರ್ ಹಾಕಿ.

    ಒಟ್ಟು = ಸಮ್ . ಮ್ಯಾಪ್ ಹಣ . ಫಿಲ್ಟರ್ ಚಾಲಿಯೇ $ ಲಾಟುಗಳು

ಈಗ ನಡೆಯುತ್ತದೆ. ಆದರೆ ಯಾಕೆ ಅಂತ ತಿಳಿಯದೆ ಹಾಕಿದರೆ ನಾಳೆ ಇನ್ನೊಂದು ಸಾಲಿನಲ್ಲಿ ಅದೇ ಎರರ್ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಬರೆದ ಹಾಗೆ ನಾನೂ ಕೋಡಿನ ಹೆಸರನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಲೈಬ್ರರಿಯ ಫಂಕ್ಷನ್‌ಗಳಿಗೆ ಲೈಬ್ರರಿಯಲ್ಲಿರುವ ಹೆಸರನ್ನೇ, ಉಳಿದವಕ್ಕೆ ಇಂಗ್ಲಿಷ್ ಅಕ್ಷರದ ಹೆಸರನ್ನು ಹಾಕಿಕೊಳ್ಳಿ. ನಿಮ್ಮ ಸಾಲಿನಲ್ಲಿ ಫಿಲ್ಟರ್ ಚಾಲಿ ಅಡಿಕೆಯ ಲಾಟುಗಳನ್ನಷ್ಟೇ ಆರಿಸುತ್ತದೆ, ಮ್ಯಾಪ್ ಪ್ರತಿ ಲಾಟಿಗೂ ‘ಹಣ’ ಅನ್ನುವ ಫಂಕ್ಷನ್ ಹಚ್ಚುತ್ತದೆ, ಸಮ್ ಎಲ್ಲವನ್ನೂ ಕೂಡಿಸುತ್ತದೆ.

ನೀವು ಕೇಳಬೇಕಾದ ಪ್ರಶ್ನೆ ಒಂದೇ. ಈ ಜಾಗದಲ್ಲಿ ನನ್ನ ಕೈಯಲ್ಲಿ ವ್ಯಾಲ್ಯೂ ಇದೆಯೋ, ಅಥವಾ ಬರೀ ಫಂಕ್ಷನ್‌ಗಳು ಇವೆಯೋ? ವ್ಯಾಲ್ಯೂ ಇದ್ದರೆ ಅದನ್ನು ಫಂಕ್ಷನ್‌ಗೆ ಕೊಟ್ಟು ಉತ್ತರ ತೆಗೆಯಬಹುದು. ಇದು ಅಪ್ಲಿಕೇಶನ್, ಇದಕ್ಕೆ ಡಾಲರ್. ವ್ಯಾಲ್ಯೂ ಇನ್ನೂ ಬಂದಿಲ್ಲ, ಎರಡು ಫಂಕ್ಷನ್ ಸೇರಿಸಿ ಮೂರನೆಯ ಫಂಕ್ಷನ್ ಮಾಡಿಟ್ಟುಕೊಳ್ಳಬೇಕು ಅಂದರೆ ಅದು ಕಾಂಪೊಸಿಶನ್, ಅದಕ್ಕೆ ಚುಕ್ಕೆ. ಎರಡರ ಅರ್ಥವೂ ಒಂದೊಂದು ಸಾಲಿನಲ್ಲಿ ಮುಗಿಯುತ್ತದೆ.

    ಕ $ ವ = ಕ ವ
    (ಕ . ಗ) ವ = ಕ (ಗ ವ)

ಟೈಪ್, ಅಂದರೆ ಏನು ತೆಗೆದುಕೊಂಡು ಏನು ಕೊಡುತ್ತದೆ ಅನ್ನುವುದನ್ನು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ.

    ($) :: (ಅ -> ಬ) -> ಅ -> ಬ
    (.) :: (ಬ -> ಚ) -> (ಅ -> ಬ) -> (ಅ -> ಚ)

ಡಾಲರಿನ ಬಲಗಡೆ ‘ಅ’ ಅನ್ನುವ ಯಾವ ವ್ಯಾಲ್ಯೂ ಬೇಕಾದರೂ ಬರಬಹುದು. ಚುಕ್ಕೆಯ ಎರಡೂ ಕಡೆ ಫಂಕ್ಷನ್ನೇ ಬರಬೇಕು, ಮತ್ತು ಹುಟ್ಟುವುದೂ ಫಂಕ್ಷನ್ನೇ. ಜಾವಾದಲ್ಲಿ ಇದನ್ನು ನೀವು ಆಗಲೇ ನೋಡಿರುತ್ತೀರಿ. 2014 ರಲ್ಲಿ ಬಂದ ಜಾವಾ 8 ರಲ್ಲಿ ಫಂಕ್ಷನ್ ಅನ್ನುವ ಇಂಟರ್‌ಫೇಸ್‌ಗೆ ‘ಕಂಪೋಸ್’, ‘ಆಂಡ್‌ದೆನ್’, ‘ಅಪ್ಲೈ’ ಅಂತ ಮೆಥಡ್‌ಗಳಿವೆ. ಕಂಪೋಸ್ ಅಂದರೆ ನಮ್ಮ ಚುಕ್ಕೆ. ಆಂಡ್‌ದೆನ್ ಅದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ. ಅಪ್ಲೈ ಅಂದರೆ ಡಾಲರ್. ಅಲ್ಲಿ ಕಂಪೋಸ್ ಬರೆಯುವ ಕಡೆ ಅಪ್ಲೈ ಬರೆಯಲು ನಿಮಗೆ ಮನಸ್ಸೇ ಬರುವುದಿಲ್ಲ. ಇಲ್ಲಿ ಎರಡೂ ಒಂದೊಂದೇ ಅಕ್ಷರದ ಚಿಹ್ನೆ ಆದ್ದರಿಂದ ಕಣ್ಣು ಮೋಸ ಹೋಗುತ್ತದೆ, ಅಷ್ಟೇ.

ಹಾಗಾದರೆ ನಿಮ್ಮ ಸಾಲಿನಲ್ಲಿ ಚುಕ್ಕೆಗಳ ಎರಡೂ ಕಡೆ ಫಂಕ್ಷನ್ನೇ ಇತ್ತಲ್ಲ, ಅನ್ನಬಹುದು. ಇರಲಿಲ್ಲ. ಹ್ಯಾಸ್ಕೆಲ್‌ನಲ್ಲಿ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಡಲು ಯಾವ ಚಿಹ್ನೆಯೂ ಬೇಡ, ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಸಾಕು. ಆ ಖಾಲಿ ಜಾಗವೇ ಭಾಷೆಯ ಅತ್ಯಂತ ಬಿಗಿ ಗಂಟು, ಎಲ್ಲ ಆಪರೇಟರ್‌ಗಳಿಗಿಂತ ಮೊದಲು ಅದರ ಕೆಲಸ. ಆಪರೇಟರ್‌ಗಳಿಗೆ 0 ರಿಂದ 9 ರ ತನಕ ಬಿಗಿತದ ಅಂಕಿ ಇದೆ. ಚುಕ್ಕೆಯದು 9, ಗುಣಾಕಾರ 7, ಕೂಡುವುದು ಕಳೆಯುವುದು 6, ಡಾಲರ್ 0. ಖಾಲಿ ಜಾಗ ಈ 9 ಕ್ಕಿಂತಲೂ ಮೇಲೆ. ಆದ್ದರಿಂದ ಕಂಪೈಲರ್ ನಿಮ್ಮ ಸಾಲನ್ನು ಹೀಗೆ ಓದಿತು:

    ಒಟ್ಟು = ಸಮ್ . ಮ್ಯಾಪ್ ಹಣ . (ಫಿಲ್ಟರ್ ಚಾಲಿಯೇ ಲಾಟುಗಳು)

ಆವರಣದೊಳಗೆ ಫಿಲ್ಟರ್ ತನ್ನ ಕೆಲಸ ಮುಗಿಸಿಬಿಟ್ಟಿತು. ಉಳಿದದ್ದು ಲಾಟುಗಳ ಪಟ್ಟಿ. ಪಟ್ಟಿ ಫಂಕ್ಷನ್ ಅಲ್ಲ. ಚುಕ್ಕೆಗೆ ಬಲಗಡೆ ಫಂಕ್ಷನ್ ಬೇಕು. ಎರರ್ ಎಷ್ಟೇ ಉದ್ದ ಇರಲಿ, ಅದರ ತಿರುಳು ಇಷ್ಟೇ: ಫಂಕ್ಷನ್ ಬರಬೇಕಾದ ಕಡೆ ಪಟ್ಟಿ ಬಂದಿದೆ. ಡಾಲರಿನ ಬಿಗಿತ 0 ಆದ್ದರಿಂದ ಅದು ಎಲ್ಲರಿಗಿಂತ ಕೊನೆಗೆ ಕೆಲಸ ಮಾಡುತ್ತದೆ. ಎಡಗಡೆಯ ಚುಕ್ಕೆಗಳ ಸಾಲು ಪೂರ್ತಿ ಒಂದು ಫಂಕ್ಷನ್ ಆದ ಮೇಲೆ ಅದಕ್ಕೆ ಲಾಟುಗಳನ್ನು ಕೊಡುತ್ತದೆ.

ಡಾಲರ್ ಮಾಡುವುದೇ ಇಷ್ಟು ಅಂದರೆ ಅದು ಇದ್ದರೆಷ್ಟು ಬಿಟ್ಟರೆಷ್ಟು ಅಂತ ಅನ್ನಿಸಬಹುದು. ‘ಕ $ ವ’ ಅನ್ನುವುದೂ ‘ಕ ವ’ ಅನ್ನುವುದೂ ಒಂದೇ ತಾನೆ? ಹೌದು, ಒಂದೇ. ಡಾಲರಿನ ಬೆಲೆಯೆಲ್ಲ ಅದರ ಸಡಿಲತನದಲ್ಲಿದೆ. ಸಾಲಿನ ಕೊನೆಯ ತನಕ ಒಂದು ಆವರಣ ತೆರೆದ ಹಾಗೆ ಅದು ಕೆಲಸ ಮಾಡುತ್ತದೆ.

    ಸಮ್ (ಮ್ಯಾಪ್ ಹಣ (ಫಿಲ್ಟರ್ ಚಾಲಿಯೇ ಲಾಟುಗಳು))
    ಸಮ್ $ ಮ್ಯಾಪ್ ಹಣ $ ಫಿಲ್ಟರ್ ಚಾಲಿಯೇ ಲಾಟುಗಳು

ಎರಡೂ ಒಂದೇ. ಕೆಳಗಿನದರಲ್ಲಿ ಕೊನೆಗೆ ಎಷ್ಟು ಆವರಣ ಮುಚ್ಚಬೇಕು ಅಂತ ಲೆಕ್ಕ ಹಾಕುವ ಗೋಳಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಡಾಲರ್ ಬರೀ ಅಲಂಕಾರ ಅಂತ ತಿಳಿದು ಎಲ್ಲೆಂದರಲ್ಲಿ ಹಾಕುವವರು, ತೆಗೆಯುವವರು ಇದ್ದಾರೆ. ತೋಟ ಅರ್ಧ ಪಾಲಿಗಿದೆ ಅಂದುಕೊಳ್ಳಿ. ಮಾರಿದ ಮೊತ್ತ 40,000 ರೂಪಾಯಿ, ಹಮಾಲಿ ಗಿಮಾಲಿ ಸೇರಿ ಖರ್ಚು 1,000. ಸುಮ್ನೆ ಲೆಕ್ಕಕ್ಕೆ ಈ ಅಂಕಿ, ಇವತ್ತಿನ ಟೆಂಡರು ದರ ಅಂತ ಯಾರೂ ತಿಳಿಯಬೇಡಿ.

    ಪಾಲು = ಅರ್ಧ $ ಮೊತ್ತ - ಹಮಾಲಿ
    ಪಾಲು = ಅರ್ಧ ಮೊತ್ತ - ಹಮಾಲಿ

ಮೊದಲನೆಯದರಲ್ಲಿ ಖರ್ಚು ಕಳೆದು ಉಳಿದ 39,000 ದಲ್ಲಿ ಅರ್ಧ, ಅಂದರೆ 19,500. ಎರಡನೆಯದರಲ್ಲಿ ಮೊತ್ತದ ಅರ್ಧ 20,000 ತೆಗೆದು, ಪೂರ್ತಿ ಹಮಾಲಿಯನ್ನು ಒಬ್ಬರ ತಲೆಗೇ ಕಟ್ಟಿ 19,000. ಟೈಪ್ ಎರಡರಲ್ಲೂ ಸರಿ ಇದೆ, ಕಂಪೈಲರ್ ಪಿಟಕ್ ಅನ್ನುವುದಿಲ್ಲ. ಐನೂರು ರೂಪಾಯಿಗೆ ಪಾಲುದಾರರ ನಡುವೆ ಮಾತು ಬೆಳೆದಾಗಲೇ ಗೊತ್ತಾಗುವುದು.

ಎಡಗಡೆಯಲ್ಲೂ ಇಂಥದೇ ಒಂದು ಗುಂಡಿ ಇದೆ. ‘ಹಳೆಬಾಕಿ + ಸಮ್ $ ಪಟ್ಟಿ’ ಅಂತ ಬರೆದರೆ ಅದು ಹಳೆಬಾಕಿಗೆ ಪಟ್ಟಿಯ ಮೊತ್ತ ಕೂಡಿಸುವುದಿಲ್ಲ. ಡಾಲರ್ ಎಲ್ಲಕ್ಕಿಂತ ಸಡಿಲ ಆದ್ದರಿಂದ ಮೊದಲು ‘ಹಳೆಬಾಕಿ + ಸಮ್’ ಆಗಬೇಕಾಗುತ್ತದೆ. ಸಂಖ್ಯೆಗೆ ಫಂಕ್ಷನ್ ಕೂಡಿಸುವುದು ಹೇಗೆ? ಪುಣ್ಯಕ್ಕೆ ಇಲ್ಲಿ ಎರರ್ ಬರುತ್ತದೆ. ಇಂಥ ಕಡೆ ಡಾಲರ್ ಬಿಟ್ಟು ಆವರಣ ಹಾಕಿ. ಆವರಣ ಹಾಕುವುದು ನಾಚಿಕೆಯ ವಿಷಯ ಏನೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಾಲರ್‌ಗಳ ಸರಪಳಿಯನ್ನೂ ಬರೆಯಬಹುದು, ಚುಕ್ಕೆಗಳ ಸರಪಳಿ ಬರೆದು ಕೊನೆಗೆ ಒಂದೇ ಡಾಲರ್ ಹಾಕಲೂಬಹುದು. ಉತ್ತರ ಒಂದೇ. ಹಾಗಿದ್ದರೂ ನಾನು ಎರಡನೆಯದನ್ನೇ ಬರೆಯಿರಿ ಅನ್ನುತ್ತೇನೆ, ಮತ್ತು ಇದು ಬರೀ ರುಚಿಯ ಮಾತಲ್ಲ.

ಡಾಲರ್ ಸರಪಳಿಯಿಂದ ಒಂದು ತುಂಡು ಕತ್ತರಿಸಿ ನೋಡಿ. ‘ಸಮ್ $ ಮ್ಯಾಪ್ ಹಣ’. ಇದಕ್ಕೆ ಅರ್ಥ ಏನು? ‘ಮ್ಯಾಪ್ ಹಣ’ ಅನ್ನುವ ಫಂಕ್ಷನ್ನನ್ನೇ ತೆಗೆದುಕೊಂಡು ಅದರ ಮೊತ್ತ ಹಾಕು ಅಂತ. ಅರ್ಥವೇ ಇಲ್ಲ, ಕಂಪೈಲರ್ ಒಪ್ಪುವುದಿಲ್ಲ. ಡಾಲರ್ ಸರಪಳಿ ಬಲತುದಿಯಲ್ಲಿ ವ್ಯಾಲ್ಯೂ ಇದ್ದರೆ ಮಾತ್ರ ನಿಲ್ಲುತ್ತದೆ. ನಡುವಿನ ತುಂಡು ತಾನಾಗಿ ನಿಲ್ಲುವುದಿಲ್ಲ.

ಚುಕ್ಕೆ ಸರಪಳಿಯಲ್ಲಿ ಎಲ್ಲಿ ಬೇಕಾದರೂ ಕತ್ತರಿಸಿ. ‘ಮ್ಯಾಪ್ ಹಣ . ಫಿಲ್ಟರ್ ಚಾಲಿಯೇ’ ಅನ್ನುವುದು ಲಾಟುಗಳ ಪಟ್ಟಿ ತೆಗೆದುಕೊಂಡು ಹಣದ ಪಟ್ಟಿ ಕೊಡುವ ಒಳ್ಳೆಯ ಫಂಕ್ಷನ್. ‘ಸಮ್ . ಮ್ಯಾಪ್ ಹಣ’ ಕೂಡ ಒಂದು ಫಂಕ್ಷನ್. ಅದಕ್ಕೊಂದು ಹೆಸರಿಡಿ, ಬೇರೆ ಕಡೆ ಬಳಸಿ.

    ಮೊತ್ತ = ಸಮ್ . ಮ್ಯಾಪ್ ಹಣ
    ಚಾಲಿಮೊತ್ತ = ಮೊತ್ತ . ಫಿಲ್ಟರ್ ಚಾಲಿಯೇ
    ರಾಶಿಮೊತ್ತ = ಮೊತ್ತ . ಫಿಲ್ಟರ್ ರಾಶಿಯೇ
    ಬೆಟ್ಟೆಮೊತ್ತ = ಮೊತ್ತ . ಫಿಲ್ಟರ್ ಬೆಟ್ಟೆಯೇ

ಹೀಗೆ ಕತ್ತರಿಸಲು ಬರುವುದಕ್ಕೆ ಕಾರಣ ಗಣಿತದ್ದು. (ಕ . ಗ) . ಚ ಅಂದರೂ ಕ . (ಗ . ಚ) ಅಂದರೂ ಒಂದೇ ಫಂಕ್ಷನ್. ಮೂರು ಸಂಖ್ಯೆ ಕೂಡಿಸುವಾಗ ಯಾವ ಎರಡನ್ನು ಮೊದಲು ಕೂಡಿಸಿದರೂ ಒಂದೇ ಅಲ್ವಾ, ಹಾಗೆಯೇ. ಡಾಲರಿಗೆ ಈ ಗುಣ ಇಲ್ಲ. ದೊಡ್ಡ ಪ್ರೋಗ್ರಾಂ ಅಂದರೆ ಕೊನೆಗೆ ಬೇಕಾದ ಹಾಗೆ ಕತ್ತರಿಸಿ, ಹೆಸರಿಟ್ಟು, ಮತ್ತೆ ಜೋಡಿಸುವ ಕೆಲಸವೇ. ಅದಕ್ಕೆ ಬಗ್ಗುವುದು ಚುಕ್ಕೆ.

ಗುಂಪು ಹೇಗೆ ಕಟ್ಟಿದರೂ ನಡೆಯುತ್ತದೆ ಅಂದೆ. ಹಾಗಂತ ಕ್ರಮ ಅದಲು ಬದಲು ಮಾಡಲು ಬರುವುದಿಲ್ಲ. ಇದಕ್ಕೆ ನಿಮ್ಮ ಮನೆಯ ಅಂಗಳಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಹಣ್ಣಡಿಕೆಯನ್ನು ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಹಸಿ ಕಾಯಿಯನ್ನು ಮೊದಲು ಸುಲಿದು, ಬೇಯಿಸಿ, ಆಮೇಲೆ ಒಣಗಿಸಿದರೆ ಕೆಂಪಡಿಕೆ.

    ಚಾಲಿ = ಸುಲಿ . ಒಣಗಿಸು
    ಕೆಂಪು = ಒಣಗಿಸು . ಬೇಯಿಸು . ಸುಲಿ

ಸುಲಿಯುವುದು, ಒಣಗಿಸುವುದು ಎರಡರಲ್ಲೂ ಇದೆ. ಯಾವುದು ಮೊದಲು ಅನ್ನುವುದರ ಮೇಲೆ ಮಾಲು ಬೇರೆ, ದರ ಬೇರೆ. ಇಲ್ಲೇ ಇನ್ನೊಂದನ್ನೂ ಗಮನಿಸಿ. ಚುಕ್ಕೆಯನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲು ಆಗುವ ಕೆಲಸ ಬಲತುದಿಯಲ್ಲಿರುತ್ತದೆ. ಗಣಿತದಲ್ಲಿ ಫಂಕ್ಷನ್ ಹೆಸರನ್ನು ಎಡಕ್ಕೆ, ಆರ್ಗ್ಯುಮೆಂಟನ್ನು ಬಲಕ್ಕೆ ಬರೆಯುವ ರೂಢಿ ಹಿಂದಿನಿಂದ ಬಂದಿದೆ. ಚುಕ್ಕೆ ಆ ರೂಢಿಯ ಕೂಸು.

ಇಲ್ಲಿಂದಲೇ ನಿಮ್ಮ ಗೆಳತಿಯ ಪೈಪ್ ಕಡೆ ಹೋಗಬಹುದು. ನಾವು ಮಾತಾಡುವಾಗ ‘ಕಾಯಿ ಸುಲಿದು ಬೇಯಿಸಿ ಒಣಗಿಸಿ ಮಾರಿದರು’ ಅನ್ನುತ್ತೇವೆ. ವಸ್ತು ಮೊದಲು, ಆಮೇಲೆ ಕೆಲಸಗಳು ಆದ ಕ್ರಮದಲ್ಲೇ ಒಂದರ ಹಿಂದೆ ಒಂದು. ಕನ್ನಡದವರಿಗೆ ಪೈಪಿನ ಓಟ ಹುಟ್ಟಿನಿಂದಲೇ ಅಭ್ಯಾಸ. ಚುಕ್ಕೆ ಓದುವುದನ್ನು ಮಾತ್ರ ಕಲಿಯಬೇಕು.

ಪೈಪ್ ಅನ್ನುವ ಹೆಸರು ಯೂನಿಕ್ಸ್‌ನಿಂದ ಬಂದದ್ದು. ಒಂದು ಪ್ರೋಗ್ರಾಮಿನ ಉತ್ತರ ಇನ್ನೊಂದಕ್ಕೆ ಸೀದಾ ಹೋಗಬೇಕು ಅಂತ ಡಗ್ ಮ್ಯಾಕ್‌ಇಲ್‌ರಾಯ್ 1964 ರಲ್ಲೇ ಬರೆದಿದ್ದರು. 1973 ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ಗೆ ತಂದರು. ಫಂಕ್ಷನ್‌ಗಳಿಗೆ |> ಅನ್ನುವ ಚಿಹ್ನೆ ಬಂದದ್ದು 1994 ರಲ್ಲಿ, ಇಸಬೆಲ್ ಅನ್ನುವ ಪ್ರಮೇಯ ಸಾಧಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದವರ ನಡುವೆ. ಅದನ್ನು ಮನೆಮಾತು ಮಾಡಿದ್ದು ಡಾನ್ ಸೈಮ್ ರೂಪಿಸಿದ ಎಫ್ ಶಾರ್ಪ್ ಭಾಷೆ. ಅಲ್ಲಿಂದ ಎಲ್ಮ್, ಎಲಿಕ್ಸಿರ್ ಎಲ್ಲ ಕಡೆ ಹರಡಿತು. ಓಕ್ಯಾಮಲ್‌ನ ಸ್ಟಾಂಡರ್ಡ್ ಲೈಬ್ರರಿಗೆ 2013 ರಲ್ಲಿ, ಆರ್ ಭಾಷೆಗೆ 2021 ರಲ್ಲಿ, ಪಿಎಚ್‌ಪಿಗೆ 2025 ರಲ್ಲಿ ಬಂತು. ಜಾವಾಸ್ಕ್ರಿಪ್ಟ್‌ನಲ್ಲಿ ಈ ಪ್ರಸ್ತಾಪ 2021 ರಲ್ಲಿ ಎರಡನೆಯ ಹಂತ ತಲುಪಿತು. ಅಲ್ಲಿ ಚರ್ಚೆ ಬಹಳ, ಕೆಲಸ ನಿಧಾನ.

ಎಫ್ ಶಾರ್ಪ್‌ನಲ್ಲಿ ಪೈಪ್ ಇಷ್ಟು ಜನಪ್ರಿಯವಾಗಲು ಚೆಂದಕ್ಕಿಂತ ಮೀರಿದ ಕಾರಣ ಇದೆ. ಅದರ ಕಂಪೈಲರ್ ಟೈಪ್‌ಗಳನ್ನು ಎಡದಿಂದ ಬಲಕ್ಕೆ ಊಹಿಸುತ್ತಾ ಹೋಗುತ್ತದೆ. ಈ ಎರಡು ಸಾಲು ನೋಡಿ.

    ಲಿಸ್ಟ್.ಮ್ಯಾಪ್ (ಫನ್ ಹೆ -> ಹೆ.ಲೆಂತ್) ಹೆಸರುಗಳು
    ಹೆಸರುಗಳು |> ಲಿಸ್ಟ್.ಮ್ಯಾಪ್ (ಫನ್ ಹೆ -> ಹೆ.ಲೆಂತ್)

ಮೊದಲನೆಯದರಲ್ಲಿ ‘ಹೆ.ಲೆಂತ್’ ತನಕ ಬಂದಾಗ ‘ಹೆ’ ಅಂದರೆ ಏನು ಅಂತ ಕಂಪೈಲರ್‌ಗೆ ಇನ್ನೂ ಗೊತ್ತಿಲ್ಲ, ಎರರ್ ಕೊಡುತ್ತದೆ. ಎರಡನೆಯದರಲ್ಲಿ ಹೆಸರುಗಳು ಅಂದರೆ ಸ್ಟ್ರಿಂಗ್‌ಗಳ ಪಟ್ಟಿ ಅಂತ ಮೊದಲೇ ತಿಳಿದಿರುತ್ತದೆ, ಆದ್ದರಿಂದ ಸಲೀಸು. ಒಂದೇ ಅರ್ಥದ ಎರಡು ಸಾಲಿನಲ್ಲಿ ಒಂದು ನಡೆಯುತ್ತದೆ, ಒಂದು ನಡೆಯುವುದಿಲ್ಲ. ಹ್ಯಾಸ್ಕೆಲ್ ಕಂಪೈಲರ್ ಟೈಪ್ ಊಹಿಸುವ ರೀತಿ ಬೇರೆ ಆದ್ದರಿಂದ ನಮಗೆ ಈ ತಾಪತ್ರಯ ಇಲ್ಲ.

ಎಲಿಕ್ಸಿರ್ ಪೈಪ್ ಹೊರಗಿನಿಂದ ಇದೇ ಥರ ಕಂಡರೂ ಒಳಗೆ ಬೇರೆ.

    ಲಾಟುಗಳು
    |> ಎನಮ್.ಫಿಲ್ಟರ್(&ಚಾಲಿಯೇ/1)
    |> ಎನಮ್.ಮ್ಯಾಪ್(&ಹಣ/1)
    |> ಎನಮ್.ಸಮ್()

ಎಫ್ ಶಾರ್ಪ್‌ನಲ್ಲಿ ಪೈಪ್ ಒಂದು ಸಾದಾ ಫಂಕ್ಷನ್, ‘ವ |> ಕ’ ಅಂದರೆ ‘ಕ ವ’. ಎಲಿಕ್ಸಿರ್‌ನಲ್ಲಿ ಅದು ಮ್ಯಾಕ್ರೋ. ಕಂಪೈಲ್ ಆಗುವಾಗಲೇ ಎಡಗಡೆಯದನ್ನು ಎತ್ತಿ ಬಲಗಡೆಯ ಕರೆಗೆ ಮೊದಲ ಆರ್ಗ್ಯುಮೆಂಟ್ ಆಗಿ ತುರುಕುತ್ತದೆ. ಅದಕ್ಕೇ ಅಲ್ಲಿಯ ಲೈಬ್ರರಿಗಳಲ್ಲಿ ಪಟ್ಟಿ ಸಾಮಾನ್ಯವಾಗಿ ಮೊದಲ ಆರ್ಗ್ಯುಮೆಂಟ್. ನಮ್ಮಲ್ಲಿ ಫಿಲ್ಟರ್, ಮ್ಯಾಪ್ ಎಲ್ಲದರಲ್ಲೂ ಪಟ್ಟಿ ಕೊನೆಗೆ. ಮೊದಲ ಆರ್ಗ್ಯುಮೆಂಟ್ ಅಲ್ಲದ ಕಡೆ ವ್ಯಾಲ್ಯೂ ಹಾಕಬೇಕಾದರೆ ಅವಳಿಗೆ ಕಷ್ಟ. ಅದಕ್ಕಾಗಿ 2021 ರಲ್ಲಿ ಎಲಿಕ್ಸಿರ್ 1.12 ರಲ್ಲಿ ‘ದೆನ್’ ಅಂತ ಒಂದು ಸೇರಿಸಿದರು. ಮತ್ತೆ ಪೈಪ್ ಮ್ಯಾಕ್ರೋ ಆದ್ದರಿಂದ ಅದನ್ನು ಇನ್ನೊಂದು ಫಂಕ್ಷನ್‌ಗೆ ಕೊಡಲು ಬರುವುದಿಲ್ಲ. ಕಾಂಪೊಸಿಶನ್‌ಗೆ ಎಲಿಕ್ಸಿರ್‌ನಲ್ಲಿ ಸಿದ್ಧ ಆಪರೇಟರ್ ಇಲ್ಲ. ಹೆಸರಿಟ್ಟು ಫಂಕ್ಷನ್ ಬರೆದು ಒಳಗೆ ಪೈಪ್ ಹಾಕುತ್ತಾರೆ. ಹಾಗಾಗಿ ಅವಳಿಗೆ ಒಂದು ಪೈಪ್ ‘ಸಾಕು’ ಅನ್ನುವುದಕ್ಕಿಂತ ಅವಳ ಭಾಷೆ ಕೊಟ್ಟಿರುವುದು ಅದೊಂದೇ ಅನ್ನಿ. ಅವಳಿಗೆ ಹೇಳಬೇಡಿ.

ನಿಮಗೂ ಪೈಪ್ ಬೇಕಿದ್ದರೆ ಹ್ಯಾಸ್ಕೆಲ್‌ನಲ್ಲಿ & ಇದೆ. 2015 ರಿಂದ ಅದು ಮೂಲ ಲೈಬ್ರರಿಯ ‘ಡೇಟಾ.ಫಂಕ್ಷನ್’ ಮಾಡ್ಯೂಲಿನಲ್ಲಿದೆ, ಇಂಪೋರ್ಟ್ ಮಾಡಿಕೊಳ್ಳಬೇಕು.

    ಪ್ರಿಂಟ್ $ ಲಾಟುಗಳು & ಫಿಲ್ಟರ್ ಚಾಲಿಯೇ & ಮ್ಯಾಪ್ ಹಣ & ಸಮ್

ಇದರ ಬಿಗಿತ 1, ಡಾಲರಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ. ಬೇಕೆಂದೇ ಹಾಗೆ ಇಟ್ಟಿದ್ದಾರೆ. ಅದರಿಂದಲೇ ಮೇಲಿನ ಸಾಲಿನಲ್ಲಿ & ಗಳೆಲ್ಲ ಮುಗಿದ ಮೇಲೆ ಡಾಲರಿನ ಸರದಿ ಬರುತ್ತದೆ. ಎಡದಿಂದ ಬಲಕ್ಕೆ ಹೋಗುವ ಕಾಂಪೊಸಿಶನ್ ಬೇಕಾದರೆ >>> ಇದೆ. ಎಫ್ ಶಾರ್ಪ್‌ನಲ್ಲಿ ಅದಕ್ಕೆ >> ಅನ್ನುತ್ತಾರೆ. ಹ್ಯಾಸ್ಕೆಲ್‌ನಲ್ಲಿ >> ಅನ್ನುವುದು ಪೂರ್ತಿ ಬೇರೆ, ಮೊನಾಡ್‌ಗಳಲ್ಲಿ (ಅಂದರೆ ಪ್ರಿಂಟ್‌ನಂಥ ಕೆಲಸಗಳನ್ನು ಹೆಣೆಯುವ ವ್ಯವಸ್ಥೆಯಲ್ಲಿ) ಒಂದಾದ ಮೇಲೆ ಒಂದು ಕೆಲಸ ಮಾಡಿಸುವ ಆಪರೇಟರ್ ಅದು. ಎರಡೂ ಭಾಷೆ ಒಟ್ಟಿಗೆ ಕಲಿಯುವವರು ಇಲ್ಲಿ ಜಾರುತ್ತಾರೆ. ಯಾವುದನ್ನೇ ಆರಿಸಿಕೊಳ್ಳಿ, ಒಂದು ಸಾಲಿನೊಳಗೆ ಚುಕ್ಕೆ ಮತ್ತು & ಕಲಸಬೇಡಿ. ಓದುವವರ ಕಣ್ಣು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಡಬೇಕಾಗುತ್ತದೆ. ಹ್ಯಾಸ್ಕೆಲ್‌ನ ಹಳೆಯ ಕೋಡಿನಲ್ಲಿ ಹೆಚ್ಚಾಗಿ ಚುಕ್ಕೆಯೇ ಕಾಣುವುದು. ನಾನೂ ಅದನ್ನೇ ಬಳಸುತ್ತೇನೆ.

ಇನ್ನು ನೀವು ಮುಂದೆ ಖಂಡಿತ ಬೀಳುವ ಒಂದು ಹೊಂಡದ ಬಗ್ಗೆ. ತೂಕಗಳದ್ದು ಒಂದು ಪಟ್ಟಿ, ದರಗಳದ್ದು ಒಂದು ಪಟ್ಟಿ ಇದೆ. ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸಬೇಕು. ಚುಕ್ಕೆ ಕಲಿತ ಹುರುಪಿನಲ್ಲಿ ಹೀಗೆ ಬರೆಯುತ್ತೀರಿ:

    ಒಟ್ಟು = ಸಮ್ . ಜಿಪ್‌ವಿತ್ (*)

ಎರರ್. ಇಲ್ಲಿ ಎರಡೂ ಕಡೆ ಫಂಕ್ಷನ್ ಇದ್ದರೂ ಎರರ್! ಯಾಕೆಂದರೆ ಹ್ಯಾಸ್ಕೆಲ್‌ನಲ್ಲಿ ಎರಡು ಆರ್ಗ್ಯುಮೆಂಟಿನ ಫಂಕ್ಷನ್ ಅನ್ನುವುದೇ ಇಲ್ಲ. ಒಂದು ತೆಗೆದುಕೊಂಡು, ಇನ್ನೊಂದನ್ನು ತೆಗೆದುಕೊಳ್ಳುವ ಫಂಕ್ಷನ್ನನ್ನು ಮರಳಿಸುತ್ತದೆ, ಅಷ್ಟೇ. ಹೀಗೆ ಮಾಡಬಹುದು ಅಂತ ಮೋಸೆಸ್ ಶೋನ್‌ಫಿಂಕೆಲ್ 1924 ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದರು. ಮುಂದೆ ಹ್ಯಾಸ್ಕೆಲ್ ಕರಿ ಅದನ್ನು ಬೆಳೆಸಿದರು. ಕ್ರಿಯೆಗೆ ಕರಿಯಿಂಗ್ ಅಂತ ಹೆಸರು ಬಂದದ್ದು, ಭಾಷೆಗೆ ಹ್ಯಾಸ್ಕೆಲ್ ಅಂತ ಹೆಸರು ಬಂದದ್ದು ಎರಡೂ ಅವರಿಂದಲೇ. ಈಗ ಚುಕ್ಕೆ ಏನು ಮಾಡುತ್ತದೆ? ‘ಜಿಪ್‌ವಿತ್ (*)’ ಗೆ ತೂಕಗಳ ಪಟ್ಟಿ ಒಂದನ್ನೇ ಕೊಡುತ್ತದೆ. ಬರುವುದು ದರಗಳಿಗಾಗಿ ಕಾಯುತ್ತಿರುವ ಫಂಕ್ಷನ್. ಅದನ್ನು ಒಯ್ದು ಸಮ್‌ಗೆ ಕೊಡುತ್ತದೆ. ಸಮ್‌ಗೆ ಪಟ್ಟಿ ಬೇಕಿತ್ತು, ಫಂಕ್ಷನ್ ಸಿಕ್ಕಿತು.

ಇದಕ್ಕೆ (.) . (.) ಅಂತ ಬರೆಯುವ ಒಂದು ಜಾಣತನ ಇದೆ. ಚುಕ್ಕೆಯನ್ನು ಚುಕ್ಕೆಯ ಜೊತೆ ಚುಕ್ಕೆಯಿಂದ ಸೇರಿಸುವುದು. ಕೆಲಸ ಮಾಡುತ್ತದೆ, ನಿಜ. ಅರ್ಥ ಮಾಡಿಕೊಳ್ಳಲು ಮಳೆಗಾಲದ ಒಂದು ಸಂಜೆ ಕಾಗದ ಪೆನ್ನು ಹಿಡಿದು ಕೂತುಕೊಳ್ಳಿ, ಕರೆಂಟ್ ಹೇಗೂ ಇರುವುದಿಲ್ಲ. ಆದರೆ ಲೆಕ್ಕದ ಪ್ರೋಗ್ರಾಮಿನಲ್ಲಿ ಹಾಕಬೇಡಿ. ಸುಮ್ನೆ ಹೀಗೆ ಬರೆಯಿರಿ:

    ಒಟ್ಟು ತೂಕಗಳು ದರಗಳು = ಸಮ್ $ ಜಿಪ್‌ವಿತ್ (*) ತೂಕಗಳು ದರಗಳು

ಆರ್ಗ್ಯುಮೆಂಟ್ ಹೆಸರನ್ನೇ ಹೇಳದೆ ಬರೀ ಚುಕ್ಕೆಗಳಲ್ಲಿ ಬರೆಯುವ ಶೈಲಿಗೆ ಪಾಯಿಂಟ್‌ಫ್ರೀ ಅನ್ನುತ್ತಾರೆ. ಜಾನ್ ಬ್ಯಾಕಸ್ 1977 ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇಡೀ ಪ್ರೋಗ್ರಾಮಿಂಗನ್ನೇ ಹೀಗೆ ಮಾಡಬಹುದು ಅಂತ ವಾದಿಸಿದ್ದರು. ಫೋರ್ಟ್ರಾನ್ ಮಾಡಿದವರೇ ಆ ಮಾತು ಹೇಳಿದ್ದಕ್ಕೆ ಅದಕ್ಕೆ ತೂಕ ಜಾಸ್ತಿ. ಒಂದೇ ಆರ್ಗ್ಯುಮೆಂಟ್ ಸರಪಳಿಯಲ್ಲಿ ನೇರವಾಗಿ ಹರಿದುಹೋಗುವಾಗ ಈ ಶೈಲಿ ಚೆಂದ. ಆರ್ಗ್ಯುಮೆಂಟ್ ಎರಡು ಕಡೆ ಬೇಕಾದರೆ, ಅಥವಾ ಎರಡು ಆರ್ಗ್ಯುಮೆಂಟ್ ಇದ್ದರೆ, ಹೆಸರು ಹೇಳಿ ಬರೆಯುವುದೇ ವಾಸಿ. ಹೀಗೆ ಹೆಸರಿಲ್ಲದೆ ಬರೆದ ಫಂಕ್ಷನ್‌ಗೆ ಮೇಲಿನ ಸಾಲಿನಲ್ಲಿ ಟೈಪ್ ಬರೆದೇ ಬಿಡಿ. ‘ತೋರಿಸು = ಪುಟ್‌ಸ್ಟ್ರಿಂಗ್ . ಶೋ’ ಅಂತ ಟೈಪ್ ಇಲ್ಲದೆ ಬರೆದು, ಒಂದು ಕಡೆ ಸಂಖ್ಯೆಗೆ, ಇನ್ನೊಂದು ಕಡೆ ಪಟ್ಟಿಗೆ ಬಳಸಿದರೆ ಕಂಪೈಲರ್ ಜಗಳಕ್ಕೆ ಬರುತ್ತದೆ. ಟೈಪ್ ಸಾಲು ಬರೆದರೆ ಜಗಳ ಇಲ್ಲ.

ಡಾಲರ್ ಬರೀ ಆವರಣ ಉಳಿಸುವ ಸಾಧನ ಅಂತ ಮೇಲೆ ಹೇಳಿದ್ದು ಪೂರ್ತಿ ನಿಜ ಅಲ್ಲ. ಅದೂ ಒಂದು ಫಂಕ್ಷನ್ ಆದ್ದರಿಂದ ಅದನ್ನು ಬೇರೆಯವರ ಕೈಗೆ ಕೊಡಬಹುದು.

    ಮ್ಯಾಪ್ ($ ಲಾ) [ತೂಕ, ದರ, ಹಣ]

‘ಲಾ’ ಅನ್ನುವುದು ಒಂದು ಲಾಟು. ಪಟ್ಟಿಯಲ್ಲಿರುವುದು ಫಂಕ್ಷನ್‌ಗಳು. ($ ಲಾ) ಅಂದರೆ ‘ಯಾವ ಫಂಕ್ಷನ್ ಬಂದರೂ ಅದಕ್ಕೆ ಈ ಲಾಟು ಕೊಡು’. ಆ ಲಾಟಿನ ತೂಕ, ದರ, ಹಣ ಮೂರೂ ಒಂದು ಪಟ್ಟಿಯಾಗಿ ಬರುತ್ತವೆ. ರಸೀದಿಯ ಒಂದು ಸಾಲು ಸಿದ್ಧ. ಚುಕ್ಕೆಯನ್ನೂ ಹೀಗೆ ಕೊಡಬಹುದು. ‘ಫೋಲ್ಡ್‌ಆರ್ (.) ಐಡಿ’ ಗೆ ಫಂಕ್ಷನ್‌ಗಳ ಪಟ್ಟಿ ಕೊಟ್ಟರೆ ಎಲ್ಲ ಸೇರಿ ಒಂದೇ ಫಂಕ್ಷನ್ ಆಗುತ್ತದೆ. ಕಮಿಷನ್ ಕಳೆ, ಹಮಾಲಿ ಕಳೆ, ಮುಂಗಡ ಕಳೆ ಅಂತ ಕಡಿತಗಳ ಪಟ್ಟಿ ಇಟ್ಟುಕೊಂಡು, ಯಾವ ಮಾರಾಟಕ್ಕೆ ಯಾವುದು ಬೇಕೋ ಆರಿಸಿ ಜೋಡಿಸಲು ಇದು ಬಹಳ ಅನುಕೂಲ.

ಡಾಲರನ್ನು ನೀವು ಅತಿ ಹೆಚ್ಚು ನೋಡುವುದು ಬಹುಶಃ ಹಲವು ಕೆಲಸಗಳನ್ನು ಸಾಲಾಗಿ ಮಾಡಿಸುವ ‘ಡೂ’ ಹಿಂದೆ.

    ಫಾರ್‌ಎಂ_ ಲಾಟುಗಳು $ \ಲಾ -> ಡೂ
      ಪ್ರಿಂಟ್ (ತೂಕ ಲಾ)
      ಪ್ರಿಂಟ್ (ಹಣ ಲಾ)

ಇಲ್ಲಿ ಡಾಲರ್ ಇಲ್ಲದಿದ್ದರೆ ಇಡೀ ಡೂ ಕಟ್ಟನ್ನು ಆವರಣದಲ್ಲಿ ಹಾಕಬೇಕಿತ್ತು. 2018 ರ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 8.6 ರಿಂದ ‘ಬ್ಲಾಕ್ ಆರ್ಗ್ಯುಮೆಂಟ್ಸ್’ ಅನ್ನುವ ಎಕ್ಸ್‌ಟೆನ್ಶನ್ ಹಾಕಿದರೆ ಆ ಡಾಲರೂ ಬೇಡ. ಹೊಸಬರು ಸದ್ಯಕ್ಕೆ ಅದರ ತಂಟೆಗೆ ಹೋಗಬೇಕಿಲ್ಲ.

ಹೆಜ್ಜೆಗಳಲ್ಲಿ ಯಾವುದಾದರೂ ಸೋಲುವ ಸಾಧ್ಯತೆ ಇದ್ದಾಗ ಈ ಚಿಹ್ನೆಗಳಿಗೆ ಅಣ್ಣತಮ್ಮಂದಿರಿದ್ದಾರೆ. ಹೆಸರು ಕೊಟ್ಟರೆ ಬೆಳೆಗಾರನ ಖಾತೆ ಸಿಗಬಹುದು, ಸಿಗದಿರಬಹುದು. ಉತ್ತರ ‘ಮೇಬಿ’ ಟೈಪಿನದು. ಅಂಥ ಮೇಬಿಯೊಳಗಿನ ವ್ಯಾಲ್ಯೂಗೆ ಸಾದಾ ಫಂಕ್ಷನ್ ಹಚ್ಚಲು <$> ಇದೆ, ಡಾಲರಿನ ಸುತ್ತ ಬೇಲಿ ಹಾಕಿದ ಹಾಗೆ ಕಾಣುವುದು ಸುಮ್ಮನಲ್ಲ. ಮೇಬಿ ಕೊಡುವ ಎರಡು ಫಂಕ್ಷನ್‌ಗಳನ್ನು ಜೋಡಿಸಲು <=< ಇದೆ. ಅದು ಚುಕ್ಕೆಯ ಕೆಲಸವನ್ನೇ ಮಾಡುತ್ತದೆ, ನಡುವೆ ಏನಾದರೂ ಸೋತರೆ ಅಲ್ಲೇ ನಿಲ್ಲಿಸುತ್ತದೆ. ಅದಕ್ಕೂ ಚುಕ್ಕೆಯ ಹಾಗೇ ಬೇಕಾದಲ್ಲಿ ಕತ್ತರಿಸಬಹುದಾದ ಗುಣ ಇದೆ. ಮೊನಾಡ್ ನಿಯಮ ಅಂತ ಪುಸ್ತಕಗಳಲ್ಲಿ ಹೆದರಿಸುವುದು ಬಹುಪಾಲು ಇದನ್ನೇ.

ವೇಗದ ಚಿಂತೆ ಬೇಡ. ಆಪ್ಟಿಮೈಸೇಶನ್ ಹಾಕಿ ಕಂಪೈಲ್ ಮಾಡಿದರೆ ಡಾಲರ್, ಚುಕ್ಕೆ ಎರಡೂ ಸಾಮಾನ್ಯವಾಗಿ ಕರಗಿ ಹೋಗುತ್ತವೆ.

ಕೊನೆಯದಾಗಿ, ಉದ್ದ ಸರಪಳಿಯಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವ ಎರಡು ಉಪಾಯ. ಟೈಪ್ ಎರರ್ ಬಂದರೆ ಅನುಮಾನ ಇರುವ ತುಂಡು ತೆಗೆದು ಆ ಜಾಗದಲ್ಲಿ ಒಂದು ಅಡಿಗೆರೆ ಇಡಿ.

    ಚಾಲಿಮೊತ್ತ :: [ಲಾಟು] -> ಡಬಲ್
    ಚಾಲಿಮೊತ್ತ = ಸಮ್ . ಮ್ಯಾಪ್ _ . ಫಿಲ್ಟರ್ ಚಾಲಿಯೇ

ಇಲ್ಲಿ ‘ಲಾಟು -> ಡಬಲ್’ ಟೈಪಿನದು ಬೇಕು ಅಂತ ಕಂಪೈಲರೇ ಹೇಳುತ್ತದೆ. ಹೊಂದುವ ಹೆಸರುಗಳು ನಿಮ್ಮ ಫೈಲಿನಲ್ಲಿದ್ದರೆ ಅವನ್ನೂ ಪಟ್ಟಿ ಮಾಡುತ್ತದೆ. ನಿಮ್ಮದರಲ್ಲಿ ‘ತೂಕ’, ‘ದರ’, ‘ಹಣ’ ಮೂರನ್ನೂ ತೋರಿಸೀತು, ಯಾಕೆಂದರೆ ಮೂರರ ಟೈಪೂ ಒಂದೇ. ಆರಿಸುವುದು ನಿಮ್ಮ ಕೆಲಸ. ಟೈಪ್ ಸರಿ ಇದ್ದು ಉತ್ತರ ತಪ್ಪಿದ್ದರೆ ‘ಡೀಬಗ್.ಟ್ರೇಸ್’ ಮಾಡ್ಯೂಲಿನ ‘ಟ್ರೇಸ್‌ಶೋಐಡಿ’ ಯನ್ನು ಎರಡು ಚುಕ್ಕೆಗಳ ನಡುವೆ ತೂರಿಸಿ.

    ಚಾಲಿಮೊತ್ತ = ಸಮ್ . ಟ್ರೇಸ್‌ಶೋಐಡಿ . ಮ್ಯಾಪ್ ಹಣ . ಫಿಲ್ಟರ್ ಚಾಲಿಯೇ

ಅಲ್ಲಿ ಹಾದುಹೋಗುವ ಪಟ್ಟಿಯನ್ನು ಪರದೆ ಮೇಲೆ ತೋರಿಸಿ, ಏನೂ ಬದಲಿಸದೆ ಮುಂದಕ್ಕೆ ಕಳಿಸುತ್ತದೆ. ನೋಡಿ ಆದ ಮೇಲೆ ತೆಗೆಯುವುದು ಮರೆಯಬೇಡಿ.